ಭೇಷ್ ಎನ್ನುವ ಮೊಹರು

ತುಂಗೆಯ ಸೇತುವೆ ದಾಟಿ ಬಸ್ಸು ಭದ್ರಾವತಿಯ ರಸ್ತೆಗೆ ಬಿದ್ದ ಮೇಲೆ ಷಡಕ್ಷರಪ್ಪ ಬಲಗೈ ಹೆಬ್ಬೆರಳನ್ನು ಮತ್ತೊಮ್ಮೆ ಪಂಚೆಯ ಮಡಿಕೆಗೆ ಉಜ್ಜಿ ನೋಡಿದ. ಹೋಗಲಿಲ್ಲ. ನಿನ್ನೆ ಮೊಹರಿನ ಪ್ಯಾಡಿಗೆ ಹೊಸ ಶಾಯಿ ಬಿಟ್ಟಿದ್ದ. ಬೆಳಗ್ಗೆ ಸೀಗೆಪುಡಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕೆಂಪು ಹಾಗೇ ಕೂತಿತ್ತು. ಅಲ್ಲ, ಎಲೆ ಅಡಿಕೆ ಹಾಕುವವರ ಸೀಮೆಯಲ್ಲಿ ಕೆಂಪು ಬೆರಳು ಯಾರ ಕಣ್ಣಿಗೆ ಬೀಳುತ್ತದೆ? ಆದರೂ ಪಕ್ಕದಲ್ಲಿ ಕೂತವನು ಕಿಟಕಿಯಾಚೆ ನೋಡುವ ನೆಪದಲ್ಲಿ ತನ್ನ ಕೈಯನ್ನೇ ನೋಡುತ್ತಿದ್ದಾನೆ ಅನ್ನಿಸಿ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ತೊಡೆಯ ಮೇಲಿದ್ದ ಚೀಲದಲ್ಲಿ ಖಾಲಿ ಅರ್ಜಿಗಳು, ಸೈಕ್ಲೋಸ್ಟೈಲ್ ಮಾಡಿದ ಮಾದರಿ ಪಾಠಗಳು. ‘ಹೋಗಿ ಬನ್ನಿ ಮಾರಾಯ್ರೆ,’ ಎಂದಿದ್ದರು ಅಂಚೆ ಪಾಠಶಾಲೆ ನಡೆಸುವ ಉಜ್ಜನಪ್ಪನವರು, ಭಾನುವಾರ ಅನ್ನುವುದನ್ನೂ ಲೆಕ್ಕಿಸದೆ. ‘ದಸರಾ ಆದ ಮೇಲೆ ಆ ಜಯಶೀಲಾ ಒಂದು ಉತ್ತರಪತ್ರಿಕೆ ಕಳಿಸಿಲ್ಲ. ನ್ಯೂ ಟೌನಿಗೆಲ್ಲ ನಮ್ಮ ಜಾಹೀರಾತು ಬೋರ್ಡು ಅವಳೇ. ಅವಳು ಬಿಟ್ಟಳು ಅಂದ್ರೆ ಫ್ಯಾಕ್ಟರಿ ಕಡೆಯವನು ಒಬ್ಬನೂ ನಮ್ಮತ್ತ ತಿರುಗಿ ನೋಡಲ್ಲ. ಅವಳ ಅಣ್ಣ ನಾಲ್ಕು ಜನ ಸೇರೋರನ್ನ ಮನೇಲಿ ಕೂರಿಸಿರ್ತಾನಂತೆ. ಬರಿಗೈಲಿ ಬರ್ಬೇಡಿ.’ ಬರಿಗೈಲಿ ಬಂದರೆ ಏನಾಗುತ್ತದೆ ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಸವಳಂಗ ರಸ್ತೆಯ ಸೈಕಲ್ ಅಂಗಡಿಯೊಂದರ ಅಟ್ಟದ ಮೇಲಿತ್ತು ಸುಜ್ಞಾನ ಅಂಚೆ ಪಾಠಶಾಲೆ. ಅರ್ಧಕ್ಕೆ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದವರು, ಹೊಸಿಲು ದಾಟಲಾರದ ಹೆಂಗಸರು ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರಬೇಕೆಂದರೆ ಇಲ್ಲಿಂದ ಅವರ ಮನೆಗೆ ಅಂಚೆಯಲ್ಲಿ ಪಾಠ ಹೋಗುತ್ತಿತ್ತು. ಅವರು ಉತ್ತರ ಬರೆದು ಕಳಿಸುವುದು, ಷಡಕ್ಷರಪ್ಪ ತಿದ್ದಿ ಹಿಂದಕ್ಕೆ ಕಳಿಸುವುದು. ತಿದ್ದುವುದೆಂದರೇನು ಮಹಾ! ಮೇಜಿನ ಮೇಲೆ ಮೂರು ರಬ್ಬರ್ ಮೊಹರು: ‘ಉತ್ತಮ’, ‘ಭೇಷ್’, ‘ಮುಂದುವರಿಯಿರಿ’. ನಾಲ್ಕನೆಯದು ಇರಲಿಲ್ಲ. ಸೇರಿದ ಹೊಸದರಲ್ಲಿ ಒಬ್ಬನ ಬೀಜಗಣಿತದ ಮೇಲೆ ಅವನು ‘ತಪ್ಪು’ ಎಂದು ಕೆಂಪಕ್ಷರದಲ್ಲಿ ಬರೆದಿದ್ದ. ಉಜ್ಜನಪ್ಪನವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಗಡ್ಡ ಹೆರೆಯುವ ಬ್ಲೇಡು ತಂದು, ಟೈಪು ಮಾಡುವ ಸೀತಾಲಕ್ಷ್ಮಿಯ ಎದುರಿಗೇ, ಆ ಅಕ್ಷರಗಳನ್ನು ಸಾವಕಾಶವಾಗಿ ಕೆರೆದು ತೆಗೆದು, ಪುಡಿಯನ್ನು ಬಾಯಿಂದ ಊದಿದರು. ‘ಇಸ್ಕೂಲಲ್ಲಾದ್ರೆ ತಪ್ಪು ಅಂದ್ರೂ ಹುಡುಗ ಬೆಂಚು ಬಿಟ್ಟು ಎಲ್ಲಿಗೆ ಹೋದಾನು? ಇವನು ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಬರೆದಿರ್ತಾನೆ. ಲಕೋಟೆ ಒಡೆದ ಕೂಡಲೇ ತಪ್ಪು ಅಂತ ಕಂಡ್ರೆ ಅಲ್ಲಿಗೆ ಅವನ ಓದು ಮುಗೀತು. ಅಂಚೇಲಿ ಹೋಗೋ ಮಾತು ಸಿಹಿಯಾಗೇ ಇರ್ಬೇಕು ಮೇಷ್ಟ್ರೇ.’ ಸೀತಾಲಕ್ಷ್ಮಿ ತಲೆ ತಗ್ಗಿಸಿಕೊಂಡು ಟೈಪು ಮಾಡುತ್ತಲೇ ಇದ್ದಳು, ಆದರೆ ಯಂತ್ರದ ಸದ್ದು ಒಂದು ಗಳಿಗೆ ನಿಂತಿದ್ದು ಇವನಿಗೆ ಕೇಳಿಸಿತ್ತು.

ಅವರ ಮಾತು ಸುಳ್ಳೆಂದು ಷಡಕ್ಷರಪ್ಪನಿಗೆ ಆಗಲೂ ಅನ್ನಿಸಲಿಲ್ಲ. ಇಂಟರ್‌ಮೀಡಿಯೆಟ್ಟಿನಲ್ಲಿ ಅವನನ್ನು ಬೋರ್ಡಿಗೆ ಕರೆದು, ಬರೆದ ಲೆಕ್ಕವನ್ನು ತರಗತಿಗೆ ಓದಿ ಹೇಳಿ, ‘ಇಂಥ ತಪ್ಪು ಮಾಡೋಕೂ ಪ್ರತಿಭೆ ಬೇಕು ಕಣ್ರಯ್ಯ’ ಎಂದ ಮೇಷ್ಟರ ದನಿ, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಹರಿದು ಬಂದ ನಗೆ, ಕೈಯಲ್ಲಿ ಪುಡಿಯಾದ ಸೀಮೆಸುಣ್ಣ. ಆ ವರ್ಷ ಮುಗಿಯುವುದರೊಳಗೆ ಅವನು ಕಾಲೇಜಿನ ಕಡೆ ತಲೆ ಹಾಕುವುದನ್ನು ಬಿಟ್ಟಿದ್ದ. ಅದಕ್ಕೇ ‘ಭೇಷ್’ ಮೊಹರನ್ನು ಅವನು ಮನಸಾರೆ ಎತ್ತಿಕೊಂಡಿದ್ದು. ಯಾರ ಮನೆಗೂ ಆ ನಗೆ ಲಕೋಟೆಯಲ್ಲಿ ಹೋಗಬಾರದು. ಮೊದಮೊದಲು ಓದಿ ಒತ್ತುತ್ತಿದ್ದ. ಆಮೇಲೆ ಒತ್ತಿ ಓದುತ್ತಿದ್ದ. ಈಚೀಚೆಗೆ ಬರೀ ಒತ್ತುತ್ತಾನೆ. ಜಯಶೀಲಾಳ ಹಾಳೆಗಳು ಬಂದರೆ ಮಾತ್ರ ಕೊನೆಗೆ ಎತ್ತಿಟ್ಟುಕೊಳ್ಳುವನು, ಯಾಕೆಂದರೆ ಅಕ್ಷರ ಅಷ್ಟು ದುಂಡಗೆ. ಮೊಹರು ಓರೆಯಾಗದಂತೆ ನೋಡಿ ಒತ್ತುವನು. ಓದುವನೇ? ಓದಿದ ನೆನಪಿಲ್ಲ. ಬಸ್ಸಿನಲ್ಲಿ ಕೂತು ಈಗ ಎಷ್ಟು ತಡಕಿದರೂ ಅವಳು ಬರೆದ ಒಂದು ವಾಕ್ಯ ಕೈಗೆ ಸಿಗಲಿಲ್ಲ.

ನ್ಯೂ ಟೌನಿನ ಕ್ವಾರ್ಟರ್ಸುಗಳೆಲ್ಲ ಒಂದೇ ಅಚ್ಚು. ಮೂರು ಬೀದಿ ಸುತ್ತಿದ ಮೇಲೆ ಕೊಳಾಯಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತವಳನ್ನು ಕೇಳಿದ. ‘ಈಶ್ವರಪ್ಪನೋರ ಮನೇನಾ? ಪೋಸ್ಟಲ್ಲಿ ಓದ್ತಾರಲ್ಲ, ಆ ಅಕ್ಕನ ಮನೆ?’ ಎಂದು ಅವಳು ತಮಿಳು ಬೆರೆತ ರಾಗದಲ್ಲಿ ಕೇಳಿ, ಇವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಓ, ಮೇಷ್ಟ್ರು ನೀವೇನಾ!’ ಎಂದಳು. ಆ ಗೌರವ ಕಂಡು ಅವನ ಬೆವರು ಇನ್ನಷ್ಟು ಕಿತ್ತುಕೊಂಡಿತು. ಒಣಹಾಕಿದ ಬಟ್ಟೆಗಳ ಮೇಲೆ ಫ್ಯಾಕ್ಟರಿಯ ಕರಿಧೂಳು ಸಣ್ಣಗೆ ಕೂತಿತ್ತು. ತಿರುಗಿ ಹೋಗಿಬಿಡಲೇ? ಮನೆ ಸಿಗಲಿಲ್ಲ ಅಂದರಾಯಿತು. ಕೊಳಾಯಿಯವಳು ಇನ್ನೂ ನೋಡುತ್ತಿದ್ದಳು. ಅವನು ಅವಳು ತೋರಿಸಿದ ಕಡೆಗೇ ನಡೆದ.

ಈಶ್ವರಪ್ಪ ಮೆಟ್ಟಿಲ ಮೇಲೆ ಕಾಯುತ್ತಿದ್ದ. ರೋಲಿಂಗ್ ಮಿಲ್ಲಿನಲ್ಲಿ ಕೆಲಸ, ಎರಡೂ ಮುಂಗೈ ತುಂಬ ಸಿಡಿದ ಕಿಡಿಯ ಕಲೆ. ‘ಬನ್ನಿ ಮೇಷ್ಟ್ರೇ, ಒಳ್ಳೇ ಹೊತ್ತಿಗೆ ಬಂದ್ರಿ,’ ಎಂದು ಕೈ ಹಿಡಿದು ಒಳಕ್ಕೆ ಕರೆದ. ನಡುಮನೆಯ ಚಾಪೆಯ ಮೇಲೆ ನಾಲ್ಕು ಜನ ಕೂತಿದ್ದರು. ಎಲ್ಲ ಈಶ್ವರಪ್ಪನ ಪಾಳಿಯವರು. ಅವರ ಪರವಾಗಿ ಮಾತಾಡುವವನು ಭೈರಪ್ಪ ಎನ್ನುವ ದಪ್ಪ ಮೀಸೆಯ ಆಳು. ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ವಯಸ್ಸಾದ ಯಜಮಾನರೊಬ್ಬರು ಕೊಡೆಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಅವರು ಏಳಲಿಲ್ಲ. ಷಡಕ್ಷರಪ್ಪ ಚಾಪೆಯ ತುದಿಯಲ್ಲಿ ಕೂತ.

‘ಇವರು ಶಿವಯೋಗಪ್ಪನೋರು, ಸೋಗಾನೆಯೋರು. ನಮ್ಮ ಜಯಾನ ಗಂಡನ ಚಿಕ್ಕಪ್ಪ,’ ಎಂದ ಈಶ್ವರಪ್ಪ. ಜಯಶೀಲಾಳ ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು ಅನ್ನುವುದು ಷಡಕ್ಷರಪ್ಪನಿಗೆ ಅವಳ ಅರ್ಜಿಯಿಂದ ಗೊತ್ತು. ಆಗಿನಿಂದ ಅವಳು ಅಣ್ಣನ ಮನೆಯಲ್ಲಿದ್ದಾಳೆ.

‘ನಾನು ಜಗಳಕ್ಕೆ ಬಂದಿಲ್ಲ ಕಣ್ರೀ ಮೇಷ್ಟ್ರೇ,’ ಎಂದರು ಶಿವಯೋಗಪ್ಪ. ‘ನಮ್ಮತ್ತಿಗೆ, ಅಂದ್ರೆ ಇವಳ ಅತ್ತೆ, ಹಾಸಿಗೆ ಹಿಡಿದಿದ್ದಾಳೆ. ಮಗ್ಗುಲು ಬದಲಾಯಿಸೋಕೂ ಇನ್ನೊಬ್ಬರು ಬೇಕು. ಸೊಸೆ ಅನ್ನೋಳು ಇಲ್ಲಿ ಪುಸ್ತಕ ಹಿಡ್ಕೊಂಡು ಕೂತ್ರೆ ಊರು ಏನಂತದೆ? ಇವತ್ತು ಕರ್ಕೊಂಡೇ ಹೋಗೋದು ಅಂತ ಬಂದಿದೀನಿ.’

‘ನಾನೂ ಒಂದೇ ಮಾತು ಹೇಳಿದೀನಿ,’ ಎಂದ ಈಶ್ವರಪ್ಪ. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಷಡಕ್ಷರಪ್ಪನ ಮೇಲೆ. ‘ಮಾರ್ಚಿಗೆ ಪಾಸಾಗ್ತಾಳೆ ಅಂದ್ರೆ ಇಲ್ಲೇ ಇರ್ತಾಳೆ, ಟೀಚರ್ ಟ್ರೈನಿಂಗಿಗೆ ಸೇರಿಸ್ತೀನಿ, ಅವಳ ಅನ್ನ ಅವಳು ಹುಟ್ಟಿಸ್ಕೊಳ್ಳಲಿ. ಪಾಸಾಗಲ್ಲ ಅಂದ್ರೆ ಈಗ್ಲೇ ಪೆಟ್ಟಿಗೆ ಕಟ್ಟಿ ಕಳಿಸ್ತೀನಿ. ಹೋದ್ರೆ ಆಮೇಲೆ ವಾಪಸ್ ಬರೋ ಮಾತಿಲ್ಲ, ಅದು ನಂಗೂ ಗೊತ್ತು. ನೀವು ಗುರುಗಳು. ನೀವು ಅಂದಂಗೆ.’

ನೀವು ಅಂದಂಗೆ. ಯಾರೂ ಈವರೆಗೆ ಅವನಿಗೆ ಆ ಮಾತು ಹೇಳಿರಲಿಲ್ಲ. ಮನೆಯಲ್ಲಿ ಹೆಂಡತಿಯಾಗಲಿ, ಅಟ್ಟದ ಮೇಲೆ ಉಜ್ಜನಪ್ಪನವರಾಗಲಿ ಅವನು ಅಂದಂತೆ ಒಂದು ಕುರ್ಚಿಯನ್ನೂ ಸರಿಸಿದವರಲ್ಲ. ಈಗ ಒಬ್ಬ ಹೆಂಗಸಿನ ಬದುಕು ತನ್ನ ನಾಲಿಗೆಯ ತುದಿಗೆ ಬಂದು ಕೂತಿತು ಎನ್ನುವಾಗ ಅವನಿಗೆ ಅನ್ನಿಸಿದ್ದು ಹೆದರಿಕೆಯಲ್ಲ, ಸಿಟ್ಟು. ನನ್ನನ್ನೇ ಯಾಕೆ ಸಿಕ್ಕಿಸುತ್ತಾರೆ? ಅಂಚೆಯ ಆಚೆ ತುದಿಯಲ್ಲಿ ನಿಜವಾದ ಮನುಷ್ಯರಿರುತ್ತಾರೆ, ಅವರು ಹೀಗೆ ಚಾಪೆ ಹಾಸಿ ಕಾಯುತ್ತಿರುತ್ತಾರೆ ಅಂತ ಯಾರು ಹೇಳಿದ್ದರು ನನಗೆ?

ಅಷ್ಟರಲ್ಲಿ ಜಯಶೀಲಾ ಕಾಫಿ ತಂದಳು. ಇಪ್ಪತ್ತೈದರ ಆಸುಪಾಸು, ಹಣೆಯ ಮೇಲೆ ವಿಭೂತಿಯ ತೆಳು ಗೆರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅವನು ಅಕ್ಷರದಿಂದ ಊಹಿಸಿಕೊಂಡಿದ್ದ ದುಂಡನೆಯ ನಾಚಿಕೆಯ ಮುಖ ಅದಾಗಿರಲಿಲ್ಲ. ಲೋಟ ಇಡುವಾಗ ನೇರವಾಗಿ ಅವನ ಕೈಯನ್ನೇ ನೋಡಿದಳು. ಅವನು ಹೆಬ್ಬೆರಳನ್ನು ಮಡಚಿಕೊಂಡ.

‘ಯಾಕಮ್ಮ, ದಸರಾ ಆದ ಮೇಲೆ ಒಂದೂ ಉತ್ತರ ಕಳಿಸ್ಲಿಲ್ಲ?’ ಎಂದು ಕೇಳಿದ, ಮೇಷ್ಟರ ಗತ್ತು ತಂದುಕೊಂಡು.

‘ಕಳಿಸಿದ್ರೆ ಓದ್ತೀರಾ ಸಾರ್?’

ಚಾಪೆಯ ಮೇಲಿದ್ದವರು ಹೋ ಎಂದು ನಕ್ಕರು. ತಮಾಷೆ ಅಂದುಕೊಂಡರು. ‘ನಿಮ್ಮ ಶಿಷ್ಯೆ ಬಾಯಿ ಜೋರು ಮೇಷ್ಟ್ರೇ,’ ಎಂದ ಭೈರಪ್ಪ. ಷಡಕ್ಷರಪ್ಪನೂ ನಕ್ಕ. ಅವಳು ನಗಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

‘ಓದದೇ ಏನಮ್ಮ! ಒಳ್ಳೇ ಬುದ್ಧಿವಂತೆ. ಪಾಸಾಗೋದರಲ್ಲಿ ಅನುಮಾನವೇ ಇಲ್ಲ,’ ಎಂದ. ನಾಲಿಗೆ ತಾನಾಗಿ ಆಡಿತ್ತು. ಈಶ್ವರಪ್ಪನ ಮುಖ ಅರಳಿತು.

ಶಿವಯೋಗಪ್ಪನವರು ಕೊಡೆಯ ತುದಿಯಿಂದ ನೆಲ ಕುಟ್ಟಿದರು. ‘ಬಾಯಲ್ಲಿ ಹೇಳಿದ್ರೆ ಆಯ್ತೇನ್ರೀ? ನಾಳೆ ಮನೇಲಿ ಕೇಳಿದ್ರೆ ನಾನು ಏನು ಹೇಳ್ಲಿ? ಒಂದು ಲೆಕ್ಕ ಕೊಡಿ. ನಮ್ಮೆದುರಿಗೇ ಮಾಡ್ಲಿ. ಸರಿಯೋ ತಪ್ಪೋ ನೀವೇ ಹೇಳಿ, ಒಪ್ಕೊಂಡು ಎದ್ದು ಹೋಗ್ತೀನಿ.’

ಭೈರಪ್ಪನಿಗೂ ಉಮೇದು ಬಂತು. ‘ಹೌದು ಮೇಷ್ಟ್ರೇ, ನಾವೂ ನೋಡ್ತೀವಿ. ನಾವೂ ಸೇರೋರೇ ಅಲ್ವಾ!’ ಎಂದ. ಈಶ್ವರಪ್ಪ ಒಳಗಿನಿಂದ ಮಗಳ ಸ್ಲೇಟು ತಂದು ತಂಗಿಯ ಕೈಗೆ ಕೊಟ್ಟ. ಅವಳು ನೆಲದ ಮೇಲೆ ಕೂತಳು. ಸುಲಭದ್ದು, ಆದಷ್ಟೂ ಸುಲಭದ್ದು ಕೊಡಬೇಕು ಅಂತ ಷಡಕ್ಷರಪ್ಪ ಅಂದುಕೊಂಡ. ಆದರೆ ಚೀಲಕ್ಕೆ ಹೋದ ಕೈ ಮೇಲಿದ್ದ ಮಾದರಿ ಪಾಠವನ್ನೇ ಎಳೆಯಿತು, ಕಣ್ಣು ಮೊದಲು ಕಂಡದ್ದನ್ನೇ ಓದಿತು. ‘ಒಬ್ಬನು ಸೈಕಲ್ಲಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಗಂಟೆಗೆ ಹನ್ನೆರಡು ಮೈಲಿಯಂತೆ ಹೋಗಿ, ಅದೇ ದಾರಿಯಲ್ಲಿ ಗಂಟೆಗೆ ಆರು ಮೈಲಿಯಂತೆ ಹಿಂತಿರುಗಿದನು. ಒಟ್ಟು ಪ್ರಯಾಣದ ಸರಾಸರಿ ವೇಗವೆಷ್ಟು?’ ಓದಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ನೋಡಲು ಸಾಧು, ಒಳಗೆ ಗುಂಡಿ ಇರುವ ಲೆಕ್ಕ ಅದು. ನೂರಕ್ಕೆ ತೊಂಬತ್ತು ಜನ ಅದರಲ್ಲಿ ಬೀಳುತ್ತಾರೆ.

ಬಳಪ ಕಿರುಗುಟ್ಟಿತು. ಹನ್ನೆರಡು, ಆರು, ಕೂಡಿದರೆ ಹದಿನೆಂಟು. ಎರಡರಿಂದ ಭಾಗಿಸಿದಳು. ಬರೆಯುವಾಗ ಅವಳು ಒಮ್ಮೆಯೂ ತಡವರಿಸಲಿಲ್ಲ. ಒಂಬತ್ತು ಎಂದು ಬರೆದು, ಕೆಳಗೆ ಗೆರೆ ಎಳೆದು, ಸ್ಲೇಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅದರ ಮೇಲಿನಿಂದ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಎಂಟು. ಎಂಟು ಆಗಬೇಕು. ಹೋಗುವಾಗ ಸವೆಸಿದ ಹೊತ್ತು, ಬರುವಾಗ ಸವೆಸಿದ ಹೊತ್ತು ಒಂದೇ ಅಲ್ಲವಲ್ಲ. ಷಡಕ್ಷರಪ್ಪನಿಗೆ ಅದು ಥಟ್ಟನೆ ಕಂಡಿತು. ಎಷ್ಟೋ ದಿನಗಳ ಮೇಲೆ ಒಂದು ತಪ್ಪನ್ನು ಅವನು ನಿಜವಾಗಿ ನೋಡಿದ್ದ. ಭೈರಪ್ಪ ಬೆರಳು ಮಡಿಸಿ ಏನೋ ಕೂಡಿ, ಒಂಬತ್ತು ಅಂತಲೇ ತಲೆಯಾಡಿಸುತ್ತಿದ್ದ. ಹೇಳಬೇಕು, ತಪ್ಪು ಅನ್ನಬೇಕು. ಅಂದರೆ? ಅವಳ ಪೆಟ್ಟಿಗೆ ಹೊರಗೆ ಬರುತ್ತದೆ, ಕೊಡೆ ಮುಂದೆ, ಇವಳು ಹಿಂದೆ. ನಾಲ್ಕು ಅರ್ಜಿಗಳು ಖಾಲಿಯೇ ವಾಪಸ್ಸು. ಅಟ್ಟದ ಮೇಲೆ ಬ್ಲೇಡು ಹಿಡಿದುಕೊಂಡು ಉಜ್ಜನಪ್ಪನವರು. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ನಗೆ ಹರಿದು ಬರುತ್ತದೆ, ಈ ಸಲ ನಗಿಸಿದವನು ತಾನು, ಬೋರ್ಡಿನ ಮುಂದೆ ನಿಂತವಳು ಅವಳು. ಅಯ್ಯೋ ಬೇಡಪ್ಪ.

‘ಸರಿ,’ ಎಂದ. ಸಾಲದು ಅನ್ನಿಸಿ, ‘ಭೇಷ್!’ ಎಂದ. ಅವನಿಗೇ ಅರಿವಿಲ್ಲದಂತೆ ಬಲ ಹೆಬ್ಬೆರಳು ಚಾಪೆಯನ್ನು ಒತ್ತಿತ್ತು.

ಸ್ಲೇಟು ಕೆಳಗಿಳಿಯಿತು. ಈಶ್ವರಪ್ಪ ‘ನೋಡಿದ್ರಾ!’ ಎಂದು ಹೆಚ್ಚುಕಡಿಮೆ ಕೂಗಿದ. ಶಿವಯೋಗಪ್ಪನವರು ಕೊಡೆ ಊರಿ ಎದ್ದರು. ಷಡಕ್ಷರಪ್ಪ ಬೈಗಳಿಗೆ ಸಿದ್ಧನಾಗಿದ್ದ. ಅವರು ಬೈಯಲಿಲ್ಲ. ‘ಓದಿದೋರು ಹೇಳಿದ ಮೇಲೆ ನಮ್ದೇನಿದೆ,’ ಎಂದು ಅವನಿಗೆ ಕೈ ಮುಗಿದರು. ಅಷ್ಟು ದೊಡ್ಡವರು, ಅವನಿಗೆ. ಬಾಗಿಲಲ್ಲಿ ನಿಂತು, ‘ಚೆನ್ನಾಗಿ ಓದವ್ವ. ನಿಮ್ಮತ್ತೆ ಆಗಾಗ ನಿನ್ನ ಹೆಸರು ಹಿಡಿದು ಕೂಗ್ತಿರ್ತಾಳೆ, ಅದನ್ನ ಹೇಳೋಣ ಅಂತಿದ್ದೆ,’ ಎಂದು ಮೆಟ್ಟಿಲಿಳಿದರು. ಅವರನ್ನು ಬಸ್ಸು ಹತ್ತಿಸಲು ಈಶ್ವರಪ್ಪ ಜೊತೆಗೆ ಹೋದ. ಒಳಗೆ ಭೈರಪ್ಪ ಮತ್ತವನ ಗೆಳೆಯರು ಅರ್ಜಿ ತುಂಬಲು ಕೂತರು. ಒಂದೇ ಪೆನ್ನು, ಕೈಯಿಂದ ಕೈಗೆ ಹೋಗುತ್ತಿತ್ತು. ಆ ಕೋಣೆಯಲ್ಲಿ ಕೂರಲಾರದೆ ಷಡಕ್ಷರಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತ. ಗೆದ್ದೆ ಅಂತ ಅನ್ನಿಸಬೇಕಿತ್ತು. ಮೈಯೆಲ್ಲ ಕೊಳೆ ಮೆತ್ತಿಕೊಂಡ ಹಾಗಿತ್ತು.

ಹಿಂದಿನಿಂದ ಜಯಶೀಲಾ ಬಂದಳು. ಸ್ಲೇಟು ಅಳಿಸಿರಲಿಲ್ಲ.

‘ಸಾರ್, ಉತ್ತರ ಎಂಟು ಅಲ್ವಾ?’

ಅವನು ತಿರುಗಲಿಲ್ಲ.

‘ಹನ್ನೆರಡು ಮೈಲಿ ಅಂತಿಟ್ಕೊಂಡ್ರೆ ಹೋಗೋಕೆ ಒಂದು ಗಂಟೆ, ಬರೋಕೆ ಎರಡು. ಇಪ್ಪತ್ನಾಕು ಮೈಲಿಗೆ ಮೂರು ಗಂಟೆ,’ ಎಂದಳು ಮೆಲ್ಲಗೆ, ಒಳಗಿನವರಿಗೆ ಕೇಳದಂತೆ. ‘ದಸರಾಕ್ಕೆ ಮುಂಚೆ ಇದೇ ಲೆಕ್ಕಕ್ಕೆ ಒಂಬತ್ತು ಅಂತ ಬರೆದು ಕಳಿಸಿದ್ದೆ. ನಮ್ಮಣ್ಣ ತಂದ ಹಳೇ ಪುಸ್ತಕದಲ್ಲಿ ಎಂಟು ಅಂತಿತ್ತು. ಅದಕ್ಕೇ ಕೆಳಗಡೆ ಕೇಳಿದ್ದೆ, ನಾನು ಎಲ್ಲಿ ತಪ್ಪಿದೀನಿ ಹೇಳಿ ಸಾರ್ ಅಂತ. ನೀವು ಆ ಪ್ರಶ್ನೆ ಮೇಲೇ ಭೇಷ್ ಅಂತ ಒತ್ತಿ ಕಳಿಸಿದ್ರಿ. ಒಂಚೂರೂ ಓರೆ ಇಲ್ದಂಗೆ.’

ಷಡಕ್ಷರಪ್ಪನ ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

‘ಅವತ್ತು ತುಂಬ ಅತ್ತುಬಿಟ್ಟೆ. ಬೈದಿದ್ರೂ ಅಳ್ತಿರ್ಲಿಲ್ಲ. ಈ ಕಡೆಯಿಂದ ನಾನು ಬರೆದಿದ್ದೆಲ್ಲ ಯಾರೂ ಇಲ್ಲದ ಮನೆಗೆ ಹೋಗ್ತಿತ್ತಲ್ಲ ಅಂತ. ಆಮೇಲೆ ಕಳಿಸೋದು ಬಿಟ್ಟೆ. ಇದೊಂದು ಲೆಕ್ಕ ನಾನೇ ಕೂತು ಕೂತು ಬಿಡಿಸ್ಕೊಂಡೆ, ಮಿಕ್ಕಿದ್ದೆಲ್ಲ ಹಾಗೇ ಬಿದ್ದಿದೆ. ನೀವು ಇವತ್ತು ಇದನ್ನೇ ಓದಿದ್ರಿ. ಬೇಕಂತಲೇ ತಪ್ಪು ಮಾಡ್ದೆ.’ ಒಂದು ಹೆಜ್ಜೆ ಮುಂದೆ ಬಂದು ಎದುರಿಗೆ ನಿಂತಳು. ‘ಈಗ ಹೇಳಿ. ತಪ್ಪು ಅಂತ ಗೊತ್ತಿದ್ದೂ ಸರಿ ಅಂದ್ರಾ, ಗೊತ್ತಿಲ್ದೇ ಅಂದ್ರಾ?’

ಗೊತ್ತಿರಲಿಲ್ಲ ಅಂದುಬಿಡಬಹುದಿತ್ತು. ಅವಸರದಲ್ಲಿ ಗಮನಿಸಲಿಲ್ಲ ತಾಯಿ ಅಂದರೆ ಯಾರು ನಂಬುವುದಿಲ್ಲ? ನಿನ್ನ ಒಳ್ಳೆಯದಕ್ಕೇ ಸುಳ್ಳು ಹೇಳಿದೆ ಅನ್ನಬಹುದಿತ್ತು. ಆದರೆ ಅದೂ ನಿಜವಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಅವಳಿಗಾಗಿ ಎಷ್ಟು, ಅರ್ಜಿಗಳಿಗಾಗಿ ಎಷ್ಟು, ತನ್ನ ಹಳೆಯ ಹೆದರಿಕೆಗಾಗಿ ಎಷ್ಟು ಅಂತ ಬಿಡಿಸಿ ಹೇಳಲು ಅವನಿಂದ ಆಗುತ್ತಿರಲಿಲ್ಲ.

‘ಗೊತ್ತಿತ್ತು,’ ಎಂದ.

‘ಸದ್ಯ!’ ಎಂದಳು ಜಯಶೀಲಾ. ಹಿಡಿದಿಟ್ಟ ಉಸಿರು ಬಿಟ್ಟಳು. ಅವನು ಬೆಚ್ಚಿ ಅವಳ ಮುಖ ನೋಡಿದ. ‘ಗೊತ್ತಿರ್ಲಿಲ್ಲ ಅಂದಿದ್ರೆ ಈಗ್ಲೇ ಓಡಿಹೋಗಿ ಚಿಕ್ಕಮಾವನ ಜೊತೆ ಬಸ್ಸು ಹತ್ತಿಬಿಡ್ತಿದ್ದೆ ಸಾರ್. ಗೊತ್ತಿಲ್ದೋರ ಹತ್ರ ಏನು ಕಲೀಲಿ? ಅಲ್ಲಿ ಅತ್ತೆಗಾದ್ರೂ ಆಗ್ತಿದ್ದೆ. ಕೂತ್ಕೊಳ್ಳಿ. ಇನ್ನೊಂದು ಲೆಕ್ಕ ಮಾಡ್ತೀನಿ, ಇದು ಬೇಕಂತ ತಪ್ಪು ಮಾಡಲ್ಲ. ತಪ್ಪಾದ್ರೆ ತಪ್ಪು ಅನ್ಬೇಕು. ಅಷ್ಟೇ ನಾನು ಕೇಳೋದು.’

ಅವನು ಮೆಟ್ಟಿಲ ಮೇಲೆ ಕೂತ. ಅವಳು ಒಂಬತ್ತನ್ನು ಅಂಗೈಯಿಂದ ಒರೆಸಿ, ತೊಟ್ಟಿಗೆ ನೀರು ತುಂಬುವ ಎರಡು ಕೊಳಾಯಿಗಳ ಲೆಕ್ಕವನ್ನು ಬರೆಯತೊಡಗಿದಳು. ಈ ಸಲ ಬಳಪ ನಿಂತು ನಿಂತು ನಡೆಯಿತು. ಮೊದಲ ಸಾಲು ಸರಿ. ಎರಡನೆಯದರಲ್ಲಿ ಭಿನ್ನರಾಶಿಗಳ ಮೇಲಿನ ಅಂಕಿಗಳನ್ನು ಕೂಡಿ, ಕೆಳಗಿನವನ್ನೂ ಕೂಡಿಬಿಟ್ಟಳು. ಅಷ್ಟರಲ್ಲಿ ಅರ್ಜಿ ತುಂಬಿದ್ದ ನಾಲ್ವರೂ ಹೊರಗೆ ಬಂದು ಅವರ ಸುತ್ತ ನಿಂತರು. ಭೈರಪ್ಪ ಅರ್ಜಿಗಳನ್ನು ಒಪ್ಪವಾಗಿ ಜೋಡಿಸಿ ಷಡಕ್ಷರಪ್ಪನ ಚೀಲದ ಮೇಲಿಟ್ಟ. ಬೀದಿಯ ತುದಿಯಲ್ಲಿ ಈಶ್ವರಪ್ಪ ಹಿಂದಿರುಗಿ ಬರುತ್ತಿರುವುದು ಕಂಡಿತು. ಯಾರಿಗೋ ಕೈಯಾಡಿಸಿ ಏನೋ ಹೇಳಿ ನಗುತ್ತಿದ್ದ, ತಂಗಿಯ ವಿಷಯವೇ ಇರಬೇಕು. ಅವನು ಬರುವ ಮುಂಚೆ ಅಳಿಸು ಅನ್ನಲೇ? ಬಿಸಿಲಿಗೆ ನಿಂತಿದ್ದೀಯ, ಒಳಗೆ ನಡಿ ಅನ್ನಲೇ? ಅವಳು ಕೊನೆಯ ಅಂಕಿ ಬರೆದು ತಲೆಯೆತ್ತಿದಳು.

‘ಇದೂ ಸರಿ ಅಲ್ವಾ ಮೇಷ್ಟ್ರೇ?’ ಎಂದ ಭೈರಪ್ಪ ನಗುತ್ತ.

ಈಶ್ವರಪ್ಪ ಮನೆಯೆದುರಿಗೆ ಬಂದು ನಿಂತಿದ್ದ. ಷಡಕ್ಷರಪ್ಪ ಮಡಚಿದ ಹೆಬ್ಬೆರಳನ್ನು ಬಿಚ್ಚಿದ.

‘ತಪ್ಪು,’ ಎಂದ.

ಭೈರಪ್ಪನ ನಗು ಮೀಸೆಯ ಕೆಳಗೇ ನಿಂತಿತು. ಅವನ ಕೈ ನಿಧಾನವಾಗಿ ಚೀಲದ ಮೇಲಿದ್ದ ಅರ್ಜಿಗಳ ಕಡೆಗೆ ಹೋಯಿತು. ಈಶ್ವರಪ್ಪ ಒಮ್ಮೆ ತಂಗಿಯನ್ನು, ಒಮ್ಮೆ ಮೇಷ್ಟರನ್ನು ನೋಡಿದ, ಏನೋ ಕೇಳಲು ಬಾಯಿ ತೆರೆದ.

ಜಯಶೀಲಾ ಯಾರ ಕಡೆಗೂ ನೋಡಲಿಲ್ಲ. ಸ್ಲೇಟನ್ನು ಷಡಕ್ಷರಪ್ಪನ ಮಂಡಿಯ ಮೇಲಿಟ್ಟು, ಬಳಪವನ್ನು ಅವನ ಕೈಗೆ ಕೊಟ್ಟಳು.

‘ಎಲ್ಲಿ?’ ಎಂದಳು.